ಮನೆಯೊಳಗೊಂದು ಧ್ವನಿಶಾಲೆ

ಚಿತ್ರ ಗೋಡೆಯ ಮೇಲೆ ನಿಲ್ಲುತ್ತದೆ, ಶಿಲ್ಪ ಕಲ್ಲಿನಲ್ಲಿ ನಿಲ್ಲುತ್ತದೆ, ಮಾತು ಓಲೆಗರಿಯಲ್ಲಿಯೋ ಕಾಗದದಲ್ಲಿಯೋ ನಿಲ್ಲುತ್ತದೆ. ನಾದಕ್ಕೆ ಮಾತ್ರ ಬಹುಕಾಲ ನಿಲ್ಲಲು ನೆಲೆಯಿರಲಿಲ್ಲ. ಪುರಂದರದಾಸರ ಪದಗಳನ್ನು ನಾನು ಎಷ್ಟೋ ವರ್ಷಗಳಿಂದ ತರಗತಿಯಲ್ಲಿ ಪಾಠ ಹೇಳುತ್ತ ಬಂದಿದ್ದೇನೆ. ಅಂಕಿತವೇನು, ಪಾಠಾಂತರವೇನು, ಯಾವ ಮಾತು ಯಾವ ಅರ್ಥದಲ್ಲಿ ಬಂದಿದೆ ಎಂಬುದನ್ನೆಲ್ಲ ಹೇಳಬಹುದು. ಆದರೆ ದಾಸರು ತಂಬೂರಿ ಮೀಟಿಕೊಂಡು ಬೀದಿಯಲ್ಲಿ ಹಾಡುತ್ತ ಹೋದಾಗ ಆ ಪದ ಕಿವಿಗೆ ಹೇಗೆ ಬಿದ್ದಿತು ಎಂದು ಯಾವ ಹುಡುಗನಾದರೂ ಕೇಳಿದರೆ ಅದಕ್ಕೆ ಉತ್ತರವಿಲ್ಲ. ಇಂದು ನಾವು ಕೇಳುವ ಮಟ್ಟುಗಳಲ್ಲಿ ಬಹುಪಾಲು ಮುಂದಿನವರು ಕೂಡಿಸಿದವು. ಸಾಹಿತ್ಯ ಉಳಿಯಿತು, ಕಂಠ ಹೋಯಿತು. ಕನ್ನಡ ಮೇಷ್ಟ್ರಾದವನೊಬ್ಬ ಧ್ವನಿಮುದ್ರಣದ ಚರಿತ್ರೆಗೆ ಕೈಹಾಕಲು ಇಷ್ಟು ಕಾರಣ ಸಾಕೆಂದು ತಿಳಿಯುತ್ತೇನೆ.

ಈ ವಿಚಾರ ಈಗ ಏಕೆ ಬಂದಿತೆಂದರೆ, ನಮ್ಮ ಕಾಲೇಜಿನಲ್ಲಿ ಹಾಡಿನ ಹುಚ್ಚಿರುವ ಕೆಲವು ಹುಡುಗರು ಹುಡುಗಿಯರು ತಮ್ಮ ಮನೆಯ ಒಂದು ಕೋಣೆಯನ್ನೇ ಸ್ಟುಡಿಯೋ ಮಾಡಹೊರಟಿದ್ದಾರೆ. ಒಬ್ಬರ ಕೈಯಲ್ಲಿ ಮೈಕಿನ ಬೆಲೆಪಟ್ಟಿ, ಇನ್ನೊಬ್ಬರ ಕೈಯಲ್ಲಿ ಗೋಡೆಗೆ ಅಂಟಿಸುವ ಸ್ಪಂಜಿನ ಲೆಕ್ಕ. ಮನೆಯ ಹಿರಿಯರು ಇದನ್ನು ಈ ಕಾಲದ ಹೊಸ ಚಪಲವೆಂದು ಭಾವಿಸಿದ್ದಾರೆ. ಹಾಗಲ್ಲ. ದೊಡ್ಡ ಸ್ಟುಡಿಯೋಗಳ ವೈಭವ ನಡುವೆ ಬಂದದ್ದು. ಧ್ವನಿಮುದ್ರಣ ಮೊದಲಿನಿಂದಲೂ ವಾಸದ ಕೋಣೆಗಳನ್ನು ಬಿಟ್ಟು ಬಹಳ ದೂರ ಹೋದದ್ದಿಲ್ಲ.

ಎಡಿಸನ್ ೧೮೭೭ರಲ್ಲಿ ಉರುಳೆಗೆ ತವರದ ತೆಳುರೇಕು ಸುತ್ತಿ, ತನ್ನ ಮಾತನ್ನೇ ತಾನು ತಿರುಗಿ ಕೇಳಿದನು. ಹತ್ತು ವರ್ಷಗಳ ಮೇಲೆ ಎಮಿಲ್ ಬರ್ಲಿನರ್ ಉರುಳೆಯ ಬದಲು ಚಪ್ಪಟೆ ತಟ್ಟೆಯನ್ನು ತಂದನು. ಒಂದು ಅಚ್ಚಿನಿಂದ ಸಾವಿರಾರು ಪ್ರತಿ ತೆಗೆಯಲು ತಟ್ಟೆಯೇ ಅನುಕೂಲ. ಹಾಡು ವ್ಯಾಪಾರದ ಸರಕಾದದ್ದು ಅಲ್ಲಿಂದ. ಬರ್ಲಿನರನ ಕೈಕೆಳಗೆ ಪಳಗಿದ ಫ್ರೆಡ್ ಗೈಸ್‌ಬರ್ಗ್ ಎಂಬ ತರುಣ ಗ್ರಾಮಫೋನ್ ಕಂಪನಿಯ ಪರವಾಗಿ ಯಂತ್ರಗಳನ್ನು ಪೆಟ್ಟಿಗೆಗಳಲ್ಲಿ ತುಂಬಿಕೊಂಡು ದೇಶದೇಶ ಸುತ್ತಿದನು. ಅವನಿಗೆ ಸ್ಟುಡಿಯೋ ಎಂಬುದು ಎಲ್ಲಿತ್ತು? ಇಳಿದುಕೊಂಡ ಹೋಟೆಲಿನ ಕೋಣೆಯೇ ಸ್ಟುಡಿಯೋ. ೧೯೦೨ರ ಏಪ್ರಿಲ್ ತಿಂಗಳಲ್ಲಿ ಮಿಲಾನ್ ನಗರದ ಗ್ರ್ಯಾಂಡ್ ಹೋಟೆಲಿನ ಒಂದು ಕೋಣೆಯಲ್ಲಿ ಕರೂಸೋ ಎಂಬ ಗಾಯಕ ಹತ್ತು ಹಾಡುಗಳನ್ನು ಹಾಡಿದನು, ಲೋಕಪ್ರಸಿದ್ಧನಾದನು. ಅದೇ ವರ್ಷ ನವೆಂಬರಿನಲ್ಲಿ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿದ್ದನು. ಅಲ್ಲಿಯೂ ಹೋಟೆಲಿನ ಒಂದು ದೊಡ್ಡ ಕೋಣೆ. ಅಲ್ಲಿ ಹಾಡಿದವರಲ್ಲಿ ಗೌಹರ್ ಜಾನ್ ಪ್ರಮುಖಳು.

ಆಗ ಮೈಕು ಇರಲಿಲ್ಲ, ವಿದ್ಯುತ್ತಿನ ಸಹಾಯವೂ ಇರಲಿಲ್ಲ. ಗೋಡೆಯಿಂದಲೋ ತೆರೆಯಿಂದಲೋ ಹೊರಚಾಚಿದ ಒಂದು ತಗಡಿನ ತುತ್ತೂರಿ. ಅದರ ಕೊನೆಯಲ್ಲಿ ತೆಳ್ಳನೆಯ ಪೊರೆ. ಪೊರೆಗೆ ಕೂಡಿಸಿದ ಮುಳ್ಳು. ಮುಳ್ಳಿನ ಕೆಳಗೆ ತಿರುಗುವ ಮೇಣದ ತಟ್ಟೆ. ಗಾಯಕಿಯ ಉಸಿರಿನ ಬಲವೇ ಮುಳ್ಳನ್ನು ಅಲುಗಿಸಿ ಮೇಣದಲ್ಲಿ ಗೆರೆ ಕೊರೆಯಬೇಕು. ಮೆಲ್ಲನೆಯ ಸ್ವರಕ್ಕೆ ತುತ್ತೂರಿಯ ಬಾಯಿಗೆ ಮುಖವೊಡ್ಡಬೇಕು, ತಾರಸ್ಥಾಯಿಗೆ ಹಿಂದೆ ಸರಿಯಬೇಕು; ಇಲ್ಲವಾದರೆ ಮುಳ್ಳು ಗೆರೆ ದಾಟಿ ತಟ್ಟೆ ಕೆಡುತ್ತದೆ. ಸಮಯ ಎರಡು ಮೂರು ನಿಮಿಷ ಮಾತ್ರ. ಗಂಟೆಗಟ್ಟಲೆ ರಾಗ ಬೆಳೆಸುವುದನ್ನೇ ವಿದ್ಯೆಯೆಂದು ಕಲಿತವರು ಅಷ್ಟರಲ್ಲಿ ಆಲಾಪ, ಚೀಜು, ತಾನು ಎಲ್ಲವನ್ನೂ ಅಡಕಮಾಡಬೇಕಾಯಿತು. ಅದನ್ನು ಗೌಹರ್ ಜಾನ್ ಎಷ್ಟು ಚೊಕ್ಕಟವಾಗಿ ಮಾಡಿದಳೆಂಬುದನ್ನು ಇಂದಿಗೂ ಕೇಳಬಹುದು. ಹಾಡಿನ ಕೊನೆಗೆ ಅವಳು ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಹೇಳುತ್ತಾಳೆ. ಕೇಳಿದವರು ಅದನ್ನು ಬಿಂಕವೆಂದುಕೊಳ್ಳುವುದುಂಟು. ಆದರೆ ಆ ಮೇಣದ ತಟ್ಟೆಗಳು ಹಡಗು ಹತ್ತಿ ಜರ್ಮನಿಯ ಹ್ಯಾನೋವರಿಗೆ ಹೋಗಿ ಅಲ್ಲಿ ಅಚ್ಚಾಗಬೇಕಿತ್ತು. ಅಲ್ಲಿಯ ಕೆಲಸಗಾರನಿಗೆ ಇದು ಯಾರ ಹಾಡೆಂದು ತಿಳಿಯುವ ದಾರಿ ಅದೊಂದೇ.

ಗೌಹರ್ ಜಾನಳ ಕಥೆ ನಮ್ಮ ನಾಡಿನಲ್ಲೇ ಮುಗಿಯಿತು. ೧೯೨೮ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಆಕೆ ಮೈಸೂರಿನ ಆಸ್ಥಾನ ಸಂಗೀತಗಾರ್ತಿಯಾದಳು. ೧೯೩೦ರ ಜನವರಿ ೧೭ರಂದು ಮೈಸೂರಿನಲ್ಲಿಯೇ ತೀರಿಕೊಂಡಳು. ಅವಳ ಕಂಠ ಉಳಿಯಿತು. ಆದರೆ ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಆ ಮೊದಲ ವರ್ಷಗಳಲ್ಲಿ ತಟ್ಟೆಗೆ ಹಾಡಿದ ಹೆಂಗಸರು ಬಹುಮಟ್ಟಿಗೆ ಹಾಡುವುದೇ ವೃತ್ತಿಯಾಗಿದ್ದವರು: ತವಾಯಿಫರು, ದೇವದಾಸಿಯರು, ನಾಟಕದವರು. ಸಂಸಾರಸ್ಥರ ಮನೆಯ ಹೆಣ್ಣುಮಕ್ಕಳು ಪರಗಂಡಸಿನ ತುತ್ತೂರಿಯ ಮುಂದೆ ಹಾಡುವುದು ಅಂದಿನ ಮರ್ಯಾದೆಗೆ ಸಲ್ಲದ ಮಾತು. ಹೀಗಾಗಿ ಗ್ರಾಮಫೋನು ಮನೆಮನೆಗೆ ಬಂದಿತು. ಮನೆಯ ಹಾಡು ಮಾತ್ರ ಗ್ರಾಮಫೋನಿಗೆ ಹೋಗಲಿಲ್ಲ. ಯಂತ್ರ ಯಾರ ಕೈಯಲ್ಲಿದೆಯೋ ಅವರು ಆರಿಸಿದ ಕಂಠಗಳೇ ಉಳಿದವು.

೧೯೨೫ರ ಸುಮಾರಿಗೆ ಮೈಕು ಬಂದು ತುತ್ತೂರಿಯನ್ನು ಮೂಲೆಗೆ ತಳ್ಳಿತು. ಪಿಸುಮಾತನ್ನೂ ಹಿಡಿಯುವ ಶಕ್ತಿ ಬಂದ ಮೇಲೆ ಹೊರಗಿನ ಸದ್ದನ್ನು ತಡೆಯುವುದೂ ಅಗತ್ಯವಾಯಿತು. ಕೋಣೆಗಳು ದೊಡ್ಡವಾದವು, ಗೋಡೆಗಳು ದಪ್ಪವಾದವು, ಖರ್ಚು ಬೆಳೆಯಿತು. ಲಂಡನ್ನಿನ ಅಬೆ ರೋಡ್ ಸ್ಟುಡಿಯೋವನ್ನು ೧೯೩೧ರಲ್ಲಿ ಎಲ್ಗರ್ ಎಂಬ ಸಂಗೀತ ರಚನಕಾರ ವಾದ್ಯಮೇಳ ನಡೆಸಿ ಉದ್ಘಾಟಿಸಿದನು. ಸ್ವಾರಸ್ಯವೆಂದರೆ, ಕಂಪನಿಯವರು ಅದಕ್ಕಾಗಿ ಕೊಂಡದ್ದು ಒಂದು ಹಳೆಯ ವಾಸದ ಮನೆಯನ್ನು; ಅದರ ಹಿತ್ತಲಿನಲ್ಲಿ ಸ್ಟುಡಿಯೋ ಎದ್ದಿತು.

ನಮ್ಮ ಮೈಸೂರಿನಲ್ಲಿ ನಡೆದದ್ದು ಇದಕ್ಕಿಂತ ಸೊಗಸಾದ ಕಥೆ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರ ಸೆಪ್ಟೆಂಬರಿನಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿಯೇ ಒಂದು ರೇಡಿಯೋ ನಿಲಯವನ್ನು ಆರಂಭಿಸಿದರು. ಯಂತ್ರದ ಶಕ್ತಿ ೩೦ ವ್ಯಾಟ್. ಹಿಂದೆ ನಮ್ಮ ಮನೆಗಳ ನಡುಮನೆಯಲ್ಲಿ ಉರಿಯುತ್ತಿದ್ದ ಮಂಕು ಬಲ್ಬಿಗೆ ಬೇಕಾಗುತ್ತಿದ್ದಷ್ಟು. ಆ ನಿಲಯಕ್ಕೆ ಸಂದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ಭಾರತದ ರೇಡಿಯೋಗೆ ಹೆಸರಾಯಿತು. ಪ್ರಸಾರ ಬೇರೆ, ಮುದ್ರಣ ಬೇರೆ, ನಿಜ. ಆದರೂ ಒಬ್ಬ ಮೇಷ್ಟ್ರ ಮನೆಯ ಕೋಣೆಯಲ್ಲಿ ಹಾಡಿದ್ದನ್ನು ಊರು ಕೇಳಬಹುದು ಎಂಬುದನ್ನು ನಮ್ಮವರು ಅಷ್ಟು ಮುಂಚೆಯೇ ತೋರಿಸಿದ್ದರು.

ಮನೆಯಲ್ಲಿ ಮುದ್ರಿಸಿಕೊಳ್ಳುವವರಿಗೆ ದೊಡ್ಡ ವರ ಬಂದದ್ದು ಟೇಪಿನಿಂದ. ಜರ್ಮನರು ೧೯೩೫ರಲ್ಲಿ ಪ್ರದರ್ಶಿಸಿದ ಟೇಪ್ ಯಂತ್ರ ಯುದ್ಧ ಮುಗಿದ ಮೇಲೆ ಅಮೆರಿಕ ಸೇರಿತು. ಅಲ್ಲಿ ಲೆಸ್ ಪಾಲ್ ಎಂಬ ಗಿಟಾರ್ ವಾದಕ ತನ್ನ ಮನೆಯ ಗ್ಯಾರೇಜಿನಲ್ಲಿ ಅದಾಗಲೇ ತಟ್ಟೆಗಳ ಮೇಲೆಯೇ ಪ್ರಯೋಗ ನಡೆಸಿದ್ದನು. ಮೊದಲು ಒಂದು ಗತ್ತು ನುಡಿಸಿ ಮುದ್ರಿಸುವುದು; ಅದನ್ನು ಕೇಳಿಸಿಕೊಳ್ಳುತ್ತ ಎರಡನೆಯದನ್ನು ನುಡಿಸಿ ಎರಡನ್ನೂ ಇನ್ನೊಂದು ತಟ್ಟೆಗೆ ಇಳಿಸುವುದು; ಹೀಗೆ ಒಬ್ಬನೇ ಒಂದು ಮೇಳವಾಗುವುದು. ಟೇಪು ಬಂದ ಮೇಲೆ ಯಂತ್ರಕ್ಕೆ ಹೆಚ್ಚಿನ ಒಂದು ‘ಹೆಡ್’ ಕೂಡಿಸಿ, ಒಂದೇ ಟೇಪಿನ ಮೇಲೆ ಪದರದ ಮೇಲೆ ಪದರ ಹಾಕಿದನು. ಇದರಲ್ಲಿ ಅಪಾಯವೂ ಇತ್ತು: ಹೊಸ ಪದರ ಬೀಳುವಾಗ ಹಳೆಯದು ಅಳಿಯುತ್ತಿದ್ದುದರಿಂದ, ಹತ್ತನೆಯ ಪದರದಲ್ಲಿ ಒಂದು ಸ್ವರ ತಪ್ಪಿದರೆ ಒಂಬತ್ತರ ದುಡಿಮೆಯೂ ಮಣ್ಣುಪಾಲು. ಅವನೂ ಪತ್ನಿ ಮೇರಿ ಫೋರ್ಡಳೂ ಮನೆಯಲ್ಲಿ ಹೀಗೆ ಮುದ್ರಿಸಿದ ‘ಹೌ ಹೈ ದ ಮೂನ್’ ೧೯೫೧ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿತ್ತು.

ಅದೇ ಕಾಲದಲ್ಲಿ ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್ ಎಂಬ ಊರಿನಲ್ಲಿ ರೂಡಿ ವ್ಯಾನ್ ಗೆಲ್ಡರ್ ಎಂಬಾತನಿದ್ದನು. ಅವನ ಜೀವನೋಪಾಯ ಜನರ ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವುದು. ಬಿಡುವಿನ ವೇಳೆಯ ಉದ್ಯೋಗ ತಂದೆತಾಯಿಗಳ ಮನೆಯ ನಡುಮನೆಯಲ್ಲಿ ಜ್ಯಾಸ್ ಸಂಗೀತವನ್ನು ಮುದ್ರಿಸುವುದು. ಪಕ್ಕದ ಕೋಣೆಯಲ್ಲಿ ಯಂತ್ರಗಳು, ನಡುವೆ ಗಾಜಿನ ಕಿಟಕಿ. ಮೈಲ್ಸ್ ಡೇವಿಸ್, ಥೆಲೋನಿಯಸ್ ಮಾಂಕ್ ಮೊದಲಾದ ಘನ ವಾದಕರು ಆ ನಡುಮನೆಗೆ ಬಂದು ನುಡಿಸಿ ಹೋದರು. ಮಾಂಕ್ ತನ್ನ ಒಂದು ಕೃತಿಗೆ ಆ ಊರಿನ ಹೆಸರನ್ನೇ ಇಟ್ಟನು. ೧೯೫೯ರಲ್ಲಿ ಬೇರೆ ಕಟ್ಟಡ ಕಟ್ಟಿಸಿಕೊಳ್ಳುವವರೆಗೆ ಅವನ ಕೀರ್ತಿಯೆಲ್ಲ ಆ ಒಂದು ಕೋಣೆಯಲ್ಲಿ ಸಂಪಾದಿಸಿದ್ದು. ಆ ಕೋಣೆ ಯಾವ ಮೂಲೆಯಲ್ಲಿ ಹೇಗೆ ಮಾರುದನಿ ಕೊಡುತ್ತದೆಂಬುದು ಅವನಿಗೆ ಅಂಗೈ ಗೆರೆಯಷ್ಟು ಪರಿಚಿತವಾಗಿತ್ತು. ಬೆಲೆಪಟ್ಟಿಯಲ್ಲಿ ಸಿಕ್ಕದ ವಸ್ತು ಇದೇ.

೧೯೭೯ರಲ್ಲಿ ಜಪಾನಿನ ಟಿಯಾಕ್ ಕಂಪನಿ ಸಾಮಾನ್ಯ ಕ್ಯಾಸೆಟ್ಟಿನ ಮೇಲೆ ನಾಲ್ಕು ಪ್ರತ್ಯೇಕ ಜಾಡುಗಳನ್ನು ಮುದ್ರಿಸುವ ಪುಟ್ಟ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ೧೯೮೨ರ ಜನವರಿಯಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಎಂಬ ಗಾಯಕ ತಾನು ಬಾಡಿಗೆಗಿದ್ದ ಮನೆಯ ಮಲಗುವ ಕೋಣೆಯಲ್ಲಿ ಈ ಯಂತ್ರವನ್ನೂ ಎರಡು ಸಾಧಾರಣ ಮೈಕುಗಳನ್ನೂ ಇಟ್ಟುಕೊಂಡು ಕೆಲವು ಹಾಡುಗಳನ್ನು ಮುದ್ರಿಸಿಕೊಂಡನು. ಅದು ತನ್ನ ವಾದ್ಯವೃಂದಕ್ಕೆ ತೋರಿಸಲು ಮಾಡಿದ ಕರಡು. ಅನಂತರ ದೊಡ್ಡ ಸ್ಟುಡಿಯೋದಲ್ಲಿ ಆ ಹಾಡುಗಳನ್ನೇ ಮತ್ತೆ ಹಾಡಿದರು. ಎಲ್ಲವೂ ಶುದ್ಧವಾಗಿತ್ತು, ಜೀವ ಮಾತ್ರ ಇರಲಿಲ್ಲ. ಕಡೆಗೆ ಆ ಕರಡು ಕ್ಯಾಸೆಟ್ಟೇ ‘ನೆಬ್ರಾಸ್ಕಾ’ ಎಂಬ ಹೆಸರಿನಲ್ಲಿ ಹೊರಬಂದಿತು. ಆ ವಿಷಣ್ಣವಾದ ಹಾಡುಗಳಿಗೆ ನಡುರಾತ್ರಿಯ ಒಂಟಿ ಕೋಣೆಯೇ ಬೇಕಾಗಿತ್ತು.

ಇಂದು ಟೇಪೂ ಹೋಗಿ, ಕಂಪ್ಯೂಟರು ಬಂದಿದೆ. ಹೊಸದಾಗಿ ಆರಂಭಿಸುವವರಿಗೆ ಬೇಕಾದದ್ದು ಒಂದು ಮೈಕು, ಮೈಕಿನ ವಿದ್ಯುತ್ತನ್ನು ಕಂಪ್ಯೂಟರಿಗೆ ತಿಳಿಯುವ ಅಂಕಿಗಳಾಗಿ ಮಾಡುವ ಇಂಟರ್‌ಫೇಸ್ ಎಂಬ ಪೆಟ್ಟಿಗೆ, ಕಿವಿಯನ್ನು ಪೂರಾ ಮುಚ್ಚುವ ಹೆಡ್‌ಫೋನು, ಇಷ್ಟೇ. ಪದರದ ಮೇಲೆ ಪದರ ಹಾಕುವ ತಂತ್ರಾಂಶ ಬಿಟ್ಟಿಯಾಗಿಯೇ ದೊರೆಯುತ್ತದೆ. ಅಡಾಸಿಟಿ ಎಂಬುದು ೨೦೦೦ದಿಂದ ಹಾಗೆ ದೊರೆಯುತ್ತಿದೆ. ಲೆಸ್ ಪಾಲನಂತೆ ಒಂದು ಪದರ ಕೆಟ್ಟರೆ ಎಲ್ಲವನ್ನೂ ಕಳೆದುಕೊಳ್ಳುವ ಭಯವಿಲ್ಲ.

ಚರಿತ್ರೆ ಕಲಿಸಿದ ನಾಲ್ಕು ಮಾತನ್ನು ನಾನು ನಮ್ಮ ಹುಡುಗರಿಗೆ ಹೇಳುವುದುಂಟು. ಮೊದಲು ಕೋಣೆಯನ್ನು ಆರಿಸಿ, ಆಮೇಲೆ ಮೈಕನ್ನು. ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಸದ್ದು ಡಬ್ಬದೊಳಗಿನಂತೆ ಮೊಳಗಿದರೆ ಹಾಸಿಗೆ, ಕೌದಿ, ಬಟ್ಟೆಯ ಬೀರು, ಪುಸ್ತಕದ ಕಪಾಟು ಇವುಗಳಿಂದ ಅದನ್ನು ಮೆತ್ತಗೆ ಮಾಡಿ. ಗೋಡೆಗೆ ಅಂಟಿಸುವ ಸ್ಪಂಜು ಒಳಗಿನ ಮಾರುದನಿಯನ್ನು ತಗ್ಗಿಸುತ್ತದೆಯೇ ಹೊರತು ಬೀದಿಯ ಬಸ್ಸನ್ನೂ ಪಕ್ಕದ ಮನೆಯ ಕುಕ್ಕರನ್ನೂ ತಡೆಯುವುದಿಲ್ಲ. ಅದಕ್ಕೆ ಮದ್ದು ರಾತ್ರಿ ಹತ್ತರ ಮೇಲಿನ ಹೊತ್ತು. ಫ್ಯಾನು ನಿಲ್ಲಿಸಿ. ಬಾಯಿಗೂ ಮೈಕಿಗೂ ಒಂದು ಗೇಣು ಅಂತರವಿರಲಿ, ಮೈಕು ತುಸು ಓರೆಯಾಗಿರಲಿ, ‘ಪ’ ‘ಭ’ಗಳ ಉಸಿರು ನೇರವಾಗಿ ಬಡಿಯಬಾರದು. ಶ್ರುತಿಪೆಟ್ಟಿಗೆಯನ್ನು ಹೆಡ್‌ಫೋನಿನಲ್ಲಿ ಕೇಳಿಕೊಳ್ಳಿ. ಕಂಠ ಒಂದೇ ಬೇರೆಯಾಗಿ ಮುದ್ರಿತವಾಗಲಿ. ಉಚ್ಚಸ್ವರದಲ್ಲಿಯೂ ಸೂಚಿ ಕೆಂಪು ಮುಟ್ಟದಂತೆ ನೋಡಿಕೊಳ್ಳಿ. ತಾರಸ್ಥಾಯಿಗೆ ಹಿಂದೆ ಸರಿಯುವ ಗೌಹರ್ ಜಾನಳ ಕಾಲದ ಪಾಠ ನೂರಿಪ್ಪತ್ತು ವರ್ಷಗಳ ಮೇಲೂ ಹಳಸಿಲ್ಲ. ಮುಗಿದ ಮೇಲೆ ಎರಡು ಪ್ರತಿ, ಎರಡು ಬೇರೆ ಕಡೆ.

ಇಷ್ಟೆಲ್ಲ ಸಿದ್ಧವಾದ ಮೇಲೆ ಏನನ್ನು ಹಾಡುತ್ತೀರಿ ಎಂದರೆ, ಬಹುಮಂದಿ ಸಿನಿಮಾ ಹಾಡಿನ ಹೆಸರು ಹೇಳುತ್ತಾರೆ. ಹಾಡಲಿ, ಬೇಡವೆನ್ನಲಾರೆ, ಕೈ ಪಳಗಬೇಕು. ಆದರೆ ಆ ಹಾಡು ಈಗಾಗಲೇ ಸಾವಿರ ಕಡೆ ಉಳಿದಿದೆ. ಉಳಿಯದಿರುವುದು ಅದೇ ಮನೆಯ ಹಿತ್ತಲ ಬಾಗಿಲಲ್ಲಿ ಕುಳಿತಿದೆ. ಹಸೆಗೆ ಕರೆಯುವ ಹಾಡು, ಬೀಸುವ ಪದ, ತೊಟ್ಟಿಲ ಪದ, ಅಜ್ಜಿ ಸೊಂಟದ ಮೇಲೆ ಮಗುವನ್ನಿಟ್ಟುಕೊಂಡು ಗುನುಗುವ ದೇವರನಾಮದ ಆ ಮನೆತನದ್ದೇ ಆದ ಮಟ್ಟು, ಇವು ಯಾವ ಕಂಪನಿಯ ತಟ್ಟೆಗೂ ಏರಲಿಲ್ಲ. ಎಚ್. ಎಲ್. ನಾಗೇಗೌಡರಂಥವರು ಟೇಪ್ ರೆಕಾರ್ಡರ್ ಹಿಡಿದು ಹಳ್ಳಿಹಳ್ಳಿ ಸುತ್ತಿ ಸಂಗ್ರಹಿಸಿದ್ದು ರಾಮನಗರದ ಬಳಿಯ ಜಾನಪದ ಲೋಕದಲ್ಲಿ ಉಳಿದಿದೆ. ಆದರೆ ಒಬ್ಬರು, ಹತ್ತು ಜನ, ಎಷ್ಟು ಮನೆಗಳ ಬಾಗಿಲು ತಟ್ಟಿಯಾರು? ಅಂದು ತುತ್ತೂರಿಯ ಮುಂದೆ ಪರಪುರುಷ ನಿಂತಿದ್ದನೆಂದು ನಮ್ಮ ಮುತ್ತಜ್ಜಿಯರು ಹಾಡಲಿಲ್ಲ. ಇಂದು ಯಂತ್ರದ ಬಳಿ ನಿಂತಿರುವವಳು ಮೊಮ್ಮಗಳು. ಕೇಳಿದರೆ ಅಜ್ಜಿ ಇಲ್ಲವೆನ್ನಲಾರಳು.

ಹಾಗೆ ಹಾಡಿಸಿಕೊಂಡಾಗ ಒಂದು ಕೆಲಸವನ್ನು ಮರೆಯಬಾರದು. ಹಾಡಿನ ಕೊನೆಗೆ ಅಜ್ಜಿಯ ಬಾಯಿಂದಲೇ ಅವಳ ಹೆಸರು, ತವರೂರು, ಈ ಹಾಡನ್ನು ಯಾರಿಂದ ಕಲಿತಳೆಂಬುದು, ಅಂದಿನ ತಾರೀಖು, ಇಷ್ಟನ್ನು ಹೇಳಿಸಬೇಕು. ಹೆಸರಿಲ್ಲದ ಮುದ್ರಿಕೆ ಕರ್ತೃವಿನ ಅಂಕಿತ ಹರಿದುಹೋದ ಓಲೆಗರಿಯಂತೆ. ಐವತ್ತು ವರ್ಷಗಳ ಮೇಲೆ ಕೇಳುವವರಿಗೆ ಅದು ಯಾರದೋ ಒಂದು ದನಿ. ಸಾವಿರಾರು ಮೈಲಿ ಆಚೆ ತನ್ನನ್ನು ಅರಿಯದ ಕೆಲಸಗಾರನಿಗಾಗಿ ಗೌಹರ್ ಜಾನ್ ಹೆಸರು ಹೇಳಿಕೊಂಡಳು. ಇನ್ನೂ ಹುಟ್ಟದಿರುವ ಮಕ್ಕಳಿಗಾಗಿ ನಮ್ಮ ಮನೆಯ ಅಜ್ಜಿಯರೂ ಹೇಳಿಕೊಳ್ಳಲಿ.