ವಸತಿನಿಲಯದ ಕಿಟಕಿ



ಕಲಬುರಗಿಯಿಂದ ಆಳಂದದ ಬಸ್ಸು ಹತ್ತಿದರೆ ದಾರಿಯಲ್ಲಿ ಕಡಗಂಚಿ ಸಿಗುತ್ತದೆ. ತೊಗರಿ ಹೊಲಗಳ ನಡುವೆ ಎದ್ದು ನಿಂತಿರುವ ಕಟ್ಟಡಗಳು ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದವು. 2009ರಲ್ಲಿ ಸಂಸತ್ತಿನ ಕಾಯ್ದೆಯಿಂದ ಹುಟ್ಟಿದ ಈ ಸಂಸ್ಥೆಗೆ ದೇಶದ ನಾನಾ ಮೂಲೆಗಳಿಂದ ವಿದ್ಯಾರ್ಥಿಗಳು ಬರುತ್ತಾರೆ. ಒಂದೇ ಊಟದ ಮನೆ, ಒಂದೇ ಗ್ರಂಥಾಲಯ, ಒಂದೇ ಕೊಠಡಿಯಲ್ಲಿ ಇಬ್ಬರೋ ಮೂವರೋ. ಇಂಥ ಕಡೆ ಒಬ್ಬರಿಗೆ ಕೆಮ್ಮು ಬಂದರೆ ಏನಾಗುತ್ತದೆ, ಅದನ್ನು ತಡೆಯಲು ಜನ ಏನೇನು ಮಾಡಿದರು, ಎಲ್ಲಿ ತಪ್ಪಿದರು ಎಂಬುದಕ್ಕೂ ಒಂದು ಇತಿಹಾಸವಿದೆ. ಆ ಇತಿಹಾಸದ ಒಂದು ಮುಖ್ಯ ಪುಟ ಇದೇ ಜಿಲ್ಲೆಯದು.

2020ರ ಮಾರ್ಚ್ 10ರಂದು ಕಲಬುರಗಿಯ 76 ವರ್ಷದ ವೃದ್ಧರೊಬ್ಬರು ತೀರಿಕೊಂಡರು. ಅವರಿಗೆ ಕೋವಿಡ್ ಇತ್ತೆಂಬುದು ಎರಡು ದಿನದ ಮೇಲೆ ಖಚಿತವಾಯಿತು. ಅದು ಭಾರತದಲ್ಲೇ ಆ ರೋಗದಿಂದ ಸಂಭವಿಸಿದ ಮೊದಲ ಸಾವು. ಮಾರ್ಚ್ 13ರಂದು ರಾಜ್ಯ ಸರ್ಕಾರ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಆದೇಶ ಪ್ರಕಟಿಸಿತು. ವಸತಿನಿಲಯಗಳು ಬರಿದಾದವು. ಪದವಿ ಕಾಲೇಜುಗಳ ಬಾಗಿಲು ಮತ್ತೆ ತೆರೆದದ್ದು ಅದೇ ವರ್ಷದ ನವೆಂಬರ್ 17ರಂದು.

ಈ ಸೀಮೆಗೆ ಅದು ಮೊದಲ ಅನುಭವವಲ್ಲ. ಆಳಂದ, ಅಫಜಲಪುರ, ಜೇವರ್ಗಿಗಳು ನಿಜಾಮರ ಗುಲ್ಬರ್ಗಾ ಜಿಲ್ಲೆಯಲ್ಲಿದ್ದ ಕಾಲ, 1918. ಜೂನ್ ತಿಂಗಳಲ್ಲಿ ಮುಂಬಯಿ ಬಂದರಿಗೆ ಇನ್‌ಫ್ಲುಯೆಂಜಾ ಬಂದಿಳಿಯಿತು. ಸೆಪ್ಟೆಂಬರ್ ಹೊತ್ತಿಗೆ ಇನ್ನಷ್ಟು ಕ್ರೂರವಾಗಿ ತಿರುಗಿಬಿದ್ದು ರೈಲುಹಾದಿಗಳ ಗುಂಟ ಒಳನಾಡಿಗೆ ಹರಡಿತು. ಮುಂಬಯಿಯಿಂದ ಮದರಾಸಿಗೆ ಹೋಗುವ ರೈಲು ಗುಲ್ಬರ್ಗದ ಮೇಲೆಯೇ ಹಾಯುತ್ತಿತ್ತು. ಆ ವರ್ಷ ಮಳೆಯೂ ಕೈಕೊಟ್ಟಿತ್ತು. ದೇಶದಲ್ಲಿ ಸತ್ತವರ ಸಂಖ್ಯೆ ಒಂದು ಕೋಟಿಗೂ ಮಿಕ್ಕಿತ್ತೆಂದು ಇತಿಹಾಸಕಾರರು ಅಂದಾಜು ಮಾಡುತ್ತಾರೆ. 1911ರಲ್ಲಿ ಸುಮಾರು 1 ಕೋಟಿ 34 ಲಕ್ಷವಿದ್ದ ಹೈದರಾಬಾದ್ ಸಂಸ್ಥಾನದ ಜನಸಂಖ್ಯೆ 1921ರ ಗಣತಿಯಲ್ಲಿ 1 ಕೋಟಿ 25 ಲಕ್ಷಕ್ಕೆ ಇಳಿದಿತ್ತು. ಪ್ಲೇಗು, ಬರಗಳ ಪಾಲೂ ಅದರಲ್ಲಿದೆ, ನಿಜ. ಆದರೆ ಆ ಜ್ವರ ಹೆಚ್ಚಾಗಿ ಬಲಿ ತೆಗೆದುಕೊಂಡದ್ದು ಮುದುಕರನ್ನಲ್ಲ, 20ರಿಂದ 40ರ ಹರೆಯದವರನ್ನು ಎಂಬುದನ್ನು ನೀವು ಗಮನಿಸಬೇಕು. ಅಂದರೆ ನಿಮ್ಮ ವಯಸ್ಸಿನವರನ್ನು, ನಿಮ್ಮ ಅಣ್ಣ ಅಕ್ಕಂದಿರ ವಯಸ್ಸಿನವರನ್ನು. ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದೂ ಅದೇ 1918ರಲ್ಲಿ.

ರೋಗಕ್ಕೆ ಕಾರಣವೇನೆಂದು ಆಗ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಒಂದು ಬ್ಯಾಕ್ಟೀರಿಯಾದ ಮೇಲೆ ಗುಮಾನಿಯಿತ್ತು. ಮನುಷ್ಯರ ಇನ್‌ಫ್ಲುಯೆಂಜಾ ವೈರಾಣು ಲಂಡನ್ನಿನ ಪ್ರಯೋಗಾಲಯದಲ್ಲಿ ಸಿಕ್ಕಿದ್ದು 1933ರಲ್ಲಿ, 15 ವರ್ಷದ ನಂತರ. 2020ರಲ್ಲಾದರೋ ಹೊಸ ವೈರಾಣುವಿನ ವಂಶವಾಹಿಯ ಪೂರ್ಣ ಪಾಠ ಜನವರಿಯ ಎರಡನೆಯ ವಾರಕ್ಕೇ ಜಗತ್ತಿನ ಮುಂದಿತ್ತು. ಎಷ್ಟು ದೊಡ್ಡ ಮುನ್ನಡೆ! ಆದರೂ ಅದು ಒಬ್ಬರಿಂದ ಒಬ್ಬರಿಗೆ ಹೇಗೆ ದಾಟುತ್ತದೆ ಎಂಬ ಸರಳ ಪ್ರಶ್ನೆಯಲ್ಲಿ ನಾವು ಎಡವಿದೆವು. ಕೈ ತೊಳೆದೆವು, ಮೇಜು ಒರೆಸಿದೆವು, ತರಕಾರಿಯನ್ನೂ ತೊಳೆದೆವು. ಕಿಟಕಿಯನ್ನು ಮಾತ್ರ ಮರೆತೆವು.

ಮರೆತೆವು ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಏಕೆಂದರೆ ವಿಷಯ ಹಿಂದೆಯೇ ಗೊತ್ತಿತ್ತು. 1934ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿದ್ದ ವಿಲಿಯಂ ಫರ್ತ್ ವೆಲ್ಸ್ ಎಂಬ ಎಂಜಿನಿಯರು ಕೆಮ್ಮಿದಾಗ ಹಾರುವ ಹನಿಗಳ ಲೆಕ್ಕ ಹಾಕಿದ. ದೊಡ್ಡ ಹನಿ ನೆಲಕ್ಕೆ ಬೀಳುತ್ತದೆ. ಚಿಕ್ಕ ಹನಿ ಬೀಳುವ ಮೊದಲೇ ಒಣಗಿ, ಧೂಪದ ಹೊಗೆಯಂತೆ ಕೋಣೆಯಲ್ಲಿ ತೇಲುತ್ತದೆ. ಎರಡರ ನಡುವಿನ ಗಡಿ ಸುಮಾರು 100 ಮೈಕ್ರಾನ್, ಅಂದರೆ ಮಿಲಿಮೀಟರಿನ ಹತ್ತನೆಯ ಒಂದು ಭಾಗ ಎಂದು ಅವನು ಹೇಳಿದ. ಮುಂದೆ ಕ್ಷಯರೋಗದ ಸಂಶೋಧನೆಯಲ್ಲಿ ಇನ್ನೊಂದು ಸಂಖ್ಯೆ ಬಂತು. ಕ್ಷಯದ ಕಣ ಶ್ವಾಸಕೋಶದ ಆಳಕ್ಕೆ ಇಳಿಯಬೇಕಾದರೆ ಅದು 5 ಮೈಕ್ರಾನಿಗಿಂತ ಚಿಕ್ಕದಿರಬೇಕು. ಈ ಎರಡು ಸಂಖ್ಯೆಗಳು ಪಠ್ಯಪುಸ್ತಕಗಳಲ್ಲಿ ಕಲಸಿಹೋದವು. 5 ಮೈಕ್ರಾನಿಗಿಂತ ದೊಡ್ಡ ಹನಿಗಳೆಲ್ಲ ಆರು ಅಡಿಯೊಳಗೆ ಬಿದ್ದುಹೋಗುತ್ತವೆ ಎಂಬ ನಂಬಿಕೆ ದಶಕಗಳ ಕಾಲ ನಿಂತಿತು. ನಾನೂ ವಿಜ್ಞಾನ ಪದವೀಧರ. ನಾನೂ ಅದನ್ನೇ ಕಂಠಪಾಠ ಮಾಡಿ ಅಂಕ ಪಡೆದವನು.

ಕೋವಿಡ್ ಗಾಳಿಯಲ್ಲಿ ಹರಡುವುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್‌ನಲ್ಲಿ ಸಾರಿತು. ಜುಲೈನಲ್ಲಿ 239 ವಿಜ್ಞಾನಿಗಳು ಅದನ್ನು ಪ್ರಶ್ನಿಸಿ ಪತ್ರ ಬರೆದರು. ಮುಚ್ಚಿದ, ಗಾಳಿಯಾಡದ ಜಾಗದಲ್ಲಿ ದೂರ ಕುಳಿತವರಿಗೂ ತಗಲುತ್ತದೆಂದು ಸಂಸ್ಥೆ ತನ್ನ ಸಲಹೆಯಲ್ಲಿ ಸ್ಪಷ್ಟವಾಗಿ ಬರೆದದ್ದು 2021ರ ಏಪ್ರಿಲ್ ಕೊನೆಗೆ. ಅಷ್ಟರಲ್ಲಿ ನಮ್ಮಲ್ಲಿ ಎರಡನೆಯ ಅಲೆ ಎದ್ದು ನಿಂತಿತ್ತು.

ಅದೇ ವರ್ಷದ ನವೆಂಬರಿನಲ್ಲಿ ಧಾರವಾಡದ ಸತ್ತೂರಿನ ವೈದ್ಯಕೀಯ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಸಮಾರಂಭವೊಂದರ ನಂತರ ಮೊದಲು 66 ಜನರಲ್ಲಿ ಸೋಂಕು ಕಂಡಿತು. ಎರಡೇ ದಿನದಲ್ಲಿ ಸಂಖ್ಯೆ 281 ಮುಟ್ಟಿತು. ಹೆಚ್ಚಿನವರು ಎರಡೂ ಲಸಿಕೆ ಪಡೆದಿದ್ದರಿಂದ ಕಾಯಿಲೆ ಸೌಮ್ಯವಾಗಿಯೇ ಇತ್ತು. ಲಸಿಕೆ ಮಾಡಬೇಕಾದ ಕೆಲಸ ಮಾಡಿತ್ತು. ಆದರೆ ಒಟ್ಟಿಗೆ ಉಣ್ಣುವ, ಒಟ್ಟಿಗೆ ಮಲಗುವ ಯುವಜನರ ನಡುವೆ ಉಸಿರಿನ ಕಾಯಿಲೆ ಎಷ್ಟು ಬೇಗ ಓಡುತ್ತದೆ ನೋಡಿ. ನಾಳಿನ ವೈದ್ಯರೂ ಅದಕ್ಕೆ ಹೊರತಲ್ಲ.

ಹಾಗಾದರೆ ನಿಮ್ಮ ಕೊಠಡಿಯ ಗಾಳಿ ಹೇಗಿದೆ? ಹೊರಗಿನ ಗಾಳಿಯಲ್ಲಿ ಹತ್ತು ಲಕ್ಷಕ್ಕೆ ಸುಮಾರು 420 ಪಾಲು ಇಂಗಾಲದ ಡೈ ಆಕ್ಸೈಡ್ ಇರುತ್ತದೆ. ನಾವು ಹೊರಬಿಡುವ ಉಸಿರಿನಲ್ಲಿ ಸುಮಾರು 40,000. ಕಿಟಕಿ ಮುಚ್ಚಿ ಮೂವರು ಮಲಗಿದ ಕೋಣೆಯಲ್ಲಿ ಈ ಸಂಖ್ಯೆ 2,000 ದಾಟುವುದು ಕಷ್ಟವೇನಲ್ಲ. ಆಗ ನೀವು ಎಳೆದುಕೊಳ್ಳುವ ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಆಗಲೇ ಯಾರದೋ ಪುಪ್ಪುಸದೊಳಗೆ ಹೋಗಿ ಬಂದದ್ದು. ಅಳೆಯುವ ಉಪಕರಣವಿಲ್ಲದಿದ್ದರೆ ಒಂದು ಊದುಬತ್ತಿ ಹಚ್ಚಿ ಆರಿಸಿ. ಹೊರಗೆ ಹೋಗಿ ಅರ್ಧ ಗಂಟೆ ಬಿಟ್ಟು ಒಳಗೆ ಬನ್ನಿ. ವಾಸನೆ ಹಾಗೇ ಗಟ್ಟಿಯಾಗಿ ನಿಂತಿದ್ದರೆ ಗಾಳಿ ಬದಲಾಗುತ್ತಿಲ್ಲ ಎಂದರ್ಥ. ಕರಾರುವಾಕ್ಕಾದ ಪರೀಕ್ಷೆ ಇದಲ್ಲ, ಆದರೆ ಮೂಗು ಸುಳ್ಳು ಹೇಳುವುದು ಕಡಿಮೆ.

ನಮ್ಮ ಸೀಮೆಯ ಬೇಸಿಗೆಯಲ್ಲಿ ಕಿಟಕಿ ತೆಗೆಯಿರಿ ಎನ್ನುವುದು ಸುಲಭ, ತೆಗೆದು ಕೂರುವುದು ಕಷ್ಟ. ಇಲ್ಲಿ ಬಡವರ ಸಾಧನವೇ ಮೇಲು. ಕಿಟಕಿಗೆ ಕೂರಿಸಿದ ನೀರಿನ ಕೂಲರ್ ಹೊರಗಿನ ಗಾಳಿಯನ್ನೇ ಎಳೆದು ಒಳಗೆ ತಳ್ಳುತ್ತದೆ. ಎದುರಿನ ಬಾಗಿಲು ಸ್ವಲ್ಪ ತೆರೆದಿದ್ದರೆ ಹಳೆಯ ಗಾಳಿ ಹೊರಗೆ ಹೋಗುತ್ತದೆ. ಗೋಡೆಯ ಮೇಲಿನ ಎ.ಸಿ. ಯಂತ್ರ ಬಹುಮಟ್ಟಿಗೆ ಕೋಣೆಯ ಗಾಳಿಯನ್ನೇ ತಣ್ಣಗೆ ಮಾಡಿ ತಿರುಗಿಸುತ್ತಿರುತ್ತದೆ. ಕೆಮ್ಮುವವರು ಮಾಸ್ಕ್ ಹಾಕಿಕೊಳ್ಳುವುದು, ಜ್ವರ ಬಂದವರಿಗೆ ಒಂದು ಕೊಠಡಿ ಬಿಟ್ಟುಕೊಟ್ಟು ಊಟ ಬಾಗಿಲಿಗೆ ತಲುಪಿಸುವುದು ನಿಮಗೆ ಗೊತ್ತೇ ಇದೆ. ತೊಗರಿ ರಾಶಿಯ ದಿನಗಳಲ್ಲಿ ಎಲ್ಲರೂ ದೂಳಿಗೆ ಕೆಮ್ಮುತ್ತಾರೆ, ನಿಜ. ಆದರೆ ಎರಡು ವಾರ ಮೀರಿದ ಕೆಮ್ಮನ್ನು ದೂಳಿನ ಲೆಕ್ಕಕ್ಕೆ ಬರೆಯಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಕಫದ ಪರೀಕ್ಷೆ ಉಚಿತ, ಕ್ಷಯವಿದ್ದರೆ ಔಷಧಿಯೂ ಉಚಿತ. ಅದನ್ನು ಮುಚ್ಚಿಟ್ಟು ಪರೀಕ್ಷೆಗೆ ಕುಳಿತ ಹುಡುಗರನ್ನು ನಾನು ಬಲ್ಲೆ. ಕೊಠಡಿಯ ಗೆಳೆಯರಿಗೆ ಹೇಳಲು ಅವರಿಗೆ ನಾಚಿಕೆಯಾಗಿತ್ತು.

ವೆಲ್ಸನ ಕಥೆ ಮುಗಿದಿಲ್ಲ. 1937ರಿಂದ ಅವನು ಫಿಲಡೆಲ್ಫಿಯಾ ಸುತ್ತಿನ ಶಾಲಾ ಕೊಠಡಿಗಳಲ್ಲಿ ಸೂರಿನ ಹತ್ತಿರ ಅತಿನೇರಳೆ ದೀಪ ಕಟ್ಟಿಸಿ, ಮೇಲೇರಿದ ಗಾಳಿಯನ್ನು ಶುದ್ಧ ಮಾಡಿ ನೋಡಿದ. 1941ರಲ್ಲಿ ದಡಾರ ಬಂದಾಗ ಆ ದೀಪಗಳಿದ್ದ ತರಗತಿಗಳಲ್ಲಿ ರೋಗ ಕಡಿಮೆ ಹರಡಿತು. ಆದರೆ ಬೇರೆಯವರು ನ್ಯೂಯಾರ್ಕ್ ರಾಜ್ಯದ ಹಳ್ಳಿ ಶಾಲೆಗಳಲ್ಲಿ ಅದನ್ನೇ ಮಾಡಿದಾಗ ಅಂಥ ಫಲ ಕಾಣಲಿಲ್ಲ. ಕಾರಣ ಹುಡುಕಿದಾಗ ಕಣ್ಣಿಗೆ ಬಿದ್ದದ್ದು ಶಾಲೆಯ ಬಸ್ಸು. ತರಗತಿಯಲ್ಲಿ ದೀಪವಿತ್ತು. ಆದರೆ ಮಕ್ಕಳೆಲ್ಲ ಒಂದೇ ಬಸ್ಸಿನಲ್ಲಿ ಒತ್ತೊತ್ತಾಗಿ ಕುಳಿತು ಬರುತ್ತಿದ್ದರು.

ಅಫಜಲಪುರದಿಂದ, ಜೇವರ್ಗಿಯಿಂದ ದಿನವೂ ಕಲಬುರಗಿಯ ಕಾಲೇಜುಗಳಿಗೆ ಬರುವವರೇ, ಚಳಿಗಾಲದ ಬೆಳಗಿನ ನಿಮ್ಮ ಬಸ್ಸನ್ನು ನೆನೆಸಿಕೊಳ್ಳಿ. ಗಾಜುಗಳೆಲ್ಲ ಮುಚ್ಚಿ, ಒಳಗೆ ಬೆವರು ಕಟ್ಟಿರುತ್ತದೆ. ನಾಳೆ ಹತ್ತಿದಾಗ ಮುಂದಿನದೊಂದು, ಹಿಂದಿನದೊಂದು ಗಾಜನ್ನು ನಾಲ್ಕು ಬೆರಳು ಸರಿಸಿ. ಪಕ್ಕದವರು ಗೊಣಗಿದರೆ ಈ ಫಿಲಡೆಲ್ಫಿಯಾದ ಕಥೆ ಹೇಳಿ. ಕಲಬುರಗಿ ಮುಟ್ಟುವಷ್ಟರಲ್ಲಿ ಮುಗಿಯುತ್ತದೆ.