ತಂತಿ ಪಡೆಯ ಪಾಲಕ ದೂತ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಹಿರಿಯರನ್ನು ಕೇಳಿ ನೋಡಿ. ಅಂಚೆಯವನು ತಂತಿ ತಂದನೆಂದರೆ ಓದುವ ಮೊದಲೇ ಮನೆಯಲ್ಲಿ ಅಳು ಏಳುತ್ತಿತ್ತು. ಮಗ ದಂಡಿನಲ್ಲಿದ್ದರಂತೂ ಹೇಳುವುದೇ ಬೇಡ. 2013ರಲ್ಲಿ ನಮ್ಮ ದೇಶದ ತಂತಿ ಸೇವೆ ನಿಂತುಹೋಯಿತು. ಆದರೆ ಆ ಅಂಜಿಕೆಯನ್ನು ಬಲ್ಲ ನಿಮಗೆ, ಸುದ್ದಿ ಸಾಗಿಸುವುದನ್ನೇ ಕಸುಬಾಗಿಸಿಕೊಂಡ ಇಟಲಿಯ ಸೇನಾ ವಿಭಾಗವೊಂದರ ಕಥೆ ದೂರದ್ದೆನಿಸಲಾರದು.

ಮೊದಲಿಗೆ ಅದು ಪ್ರತ್ಯೇಕ ವಿಭಾಗವಾಗಿರಲಿಲ್ಲ. ಸೇತುವೆ ಕಟ್ಟುವ, ಸುರಂಗ ತೋಡುವ ಎಂಜಿನಿಯರ್ ದಳದೊಳಗೇ ತಂತಿಯವರೂ ಇದ್ದರು. 1915ರಲ್ಲಿ ಇಟಲಿ ಮೊದಲ ಮಹಾಯುದ್ಧಕ್ಕೆ ಇಳಿದಾಗ ನಿಸ್ತಂತು ಖ್ಯಾತಿಯ ಮಾರ್ಕೋನಿಯವರೇ ಸಮವಸ್ತ್ರ ತೊಟ್ಟರು. ಅವರನ್ನು ಜಗತ್ತು ಬಲ್ಲದು. ಗುಂಡಿನ ಮಳೆಯಲ್ಲಿ ತೆವಳಿ ಹೋಗಿ ಹರಿದ ತಂತಿಯನ್ನು ಬೆಸೆದವನ ಹೆಸರು ಯಾರಿಗೆ ಗೊತ್ತು? ಇದು ಅನ್ಯಾಯವೆಂದೇ ನನ್ನ ಭಾವನೆ.

ಎರಡನೆಯ ಮಹಾಯುದ್ಧದಲ್ಲಿ, 1940ರ ಡಿಸೆಂಬರಿನಿಂದ, ಉತ್ತರ ಆಫ್ರಿಕಾದಲ್ಲಿ ಇಟಲಿಯ ಸೈನಿಕರು ಸಾವಿರಗಟ್ಟಲೆ ಸೆರೆಸಿಕ್ಕರು. ಅವರಲ್ಲಿ ಅನೇಕರನ್ನು ಹಡಗಿನಲ್ಲಿ ಭಾರತಕ್ಕೆ ತಂದು, ಬೆಂಗಳೂರಿನ ಜಾಲಹಳ್ಳಿ ಮುಂತಾದೆಡೆಗಳಲ್ಲಿ ಇರಿಸಲಾಯಿತು. ಇತ್ತ, ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲೈಟ್ ಇನ್‌ಫೆಂಟ್ರಿಯ ಯೋಧರು ಇಟಲಿಯಲ್ಲಿ ಹೋರಾಡಿದರು. 1944ರ ಜುಲೈ 10ರಂದು ಟೈಬರ್ ಕಣಿವೆಯಲ್ಲಿ ಮಡಿದ ನಾಯಕ್ ಯಶವಂತ ಘಾಡ್ಗೆಯವರಿಗೆ ವಿಕ್ಟೋರಿಯಾ ಕ್ರಾಸ್ ಸಂದಿತು. ಇಲ್ಲಿಯ ತಾಯಂದಿರು ಇಟಲಿಯ ಸುದ್ದಿಗೆ ಕಾದರೆ, ಅಲ್ಲಿಯ ತಾಯಂದಿರು ಬೆಂಗಳೂರಿನ ಸುದ್ದಿಗೆ ಕಾದರು.

ಸೇನೆಯ ತಂತಿ ಸೇನಾಪತಿಯ ಆಜ್ಞೆಯನ್ನು ಒಯ್ಯುತ್ತದೆ, ತಾಯಿಯ ಪ್ರಶ್ನೆಯನ್ನಲ್ಲ. ಆ ಕೆಲಸವನ್ನು, ಮಾರ್ಕೋನಿಯವರೇ 1931ರಲ್ಲಿ ಕಟ್ಟಿಕೊಟ್ಟ ವ್ಯಾಟಿಕನ್ ರೇಡಿಯೋ ಕೈಗೆತ್ತಿಕೊಂಡಿತು. ಸೆರೆಯಾಳುಗಳ, ಕಾಣೆಯಾದವರ ಕುರಿತು 1940ರಿಂದ 1946ರವರೆಗೆ ಅದು ಬಿತ್ತರಿಸಿದ ಸಂದೇಶಗಳು ಹನ್ನೆರಡು ಲಕ್ಷಕ್ಕೂ ಅಧಿಕ. ಒಂದೊಂದರ ಹಿಂದೆಯೂ ಒಂದು ಮನೆಯಿತ್ತು.

1951ರ ಜನವರಿ 12ರಂದು ಜಗದ್ಗುರು ಹನ್ನೆರಡನೆಯ ಪಯಸ್‌ರವರು ಗಬ್ರಿಯೇಲ ದೂತನನ್ನು ದೂರಸಂಪರ್ಕದ ಪಾಲಕನೆಂದು ಘೋಷಿಸಿದರು. 1953ರಲ್ಲಿ ಎಂಜಿನಿಯರ್ ದಳದಿಂದ ಬೇರ್ಪಟ್ಟ ಇಟಲಿಯ ಸಂಪರ್ಕ ಪಡೆಗೂ ಅವನೇ ಪಾಲಕ. ಸಂತ ಲೂಕನ ಶುಭಸಂದೇಶದ ಮೊದಲ ಅಧ್ಯಾಯವನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಓದಿರಿ. ಗಬ್ರಿಯೇಲನು ಸಂದೇಶ ಒಪ್ಪಿಸಿ ಒಡನೆಯೇ ಮರೆಯಾಗಲಿಲ್ಲ. ಮರಿಯಮ್ಮನವರ ಕಳವಳವನ್ನು ಕಂಡನು, ಅವರ ಪ್ರಶ್ನೆಗೆ ಉತ್ತರವಿತ್ತನು, ಅವರು ಸಮ್ಮತಿಸುವವರೆಗೂ ನಿಂತನು. ಮರುತ್ತರ ಬಾರದೆ ಸಂದೇಶ ತಲುಪಿತೆಂದು ನಂಬದಿರುವುದು ಇಂದಿಗೂ ಸಂಪರ್ಕ ಪಡೆಗಳ ರೂಢಿ.

ಸೆರೆಯಾಳುಗಳು ಊರಿನ ಸುದ್ದಿಗಾಗಿ ಹಾತೊರೆದಿದ್ದ ಆ ಜಾಲಹಳ್ಳಿಯಲ್ಲಿ 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಆರಂಭವಾಯಿತು. ನಮ್ಮ ಸೇನೆಯ ರೇಡಿಯೋಗಳು ಮುಂದೆ ಅಲ್ಲಿ ತಯಾರಾಗತೊಡಗಿದವು.