ಹೊಳೆ ದಾಟುವ ಮುನ್ನ

ಕರಾವಳಿಯ ಮೊಗವೀರನು ದೋಣಿಯನ್ನು ಕಡಲಿಗೆ ನೂಕುವ ಮುನ್ನ ಗಾಳಿಯ ದಿಕ್ಕನ್ನೂ ಉಬ್ಬರವಿಳಿತಗಳನ್ನೂ ಗಮನಿಸುತ್ತಾನೆಂಬುದು ಎಲ್ಲರೂ ಬಲ್ಲ ಸಂಗತಿ. ಕಡಲನ್ನೇ ಕಾಣದ ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿಯೂ ಇದಕ್ಕೆ ಸಮನಾದ ವಿದ್ಯೆಯೊಂದು ಬೆಳೆದುಬಂದಿದೆ. ಯಾದಗಿರಿ ಇರುವುದು ಭೀಮೆಯ ದಂಡೆಯಲ್ಲಿ. ಶಹಾಪುರ, ಸುರಪುರಗಳು ಭೀಮೆಗೂ ಕೃಷ್ಣೆಗೂ ನಡುವಣ ನೆಲದಲ್ಲಿ. ಸೇತುವೆಗಳಿಲ್ಲದ ಕಾಲದಲ್ಲಿ ಸಂತೆ, ಜಾತ್ರೆ, ಬೀಗತನ ಯಾವುದಕ್ಕೇ ಆಗಲಿ, ಹೊಳೆ ದಾಟುವುದು ಇಲ್ಲಿಯ ಜನಕ್ಕೆ ಅನಿವಾರ್ಯವಾಗಿತ್ತು. ಹೊಳೆ ದಾಟಲು ಹೊಳೆಯನ್ನು ಓದಲು ಬರಬೇಕು.

ಈ ಓದಿನ ಕಷ್ಟವೆಲ್ಲ ಒಂದು ವಿಚಿತ್ರದಲ್ಲಿ ಅಡಗಿದೆ. ಕೃಷ್ಣೆ ಹುಟ್ಟುವುದು ಮಹಾಬಳೇಶ್ವರದಲ್ಲಿ, ಭೀಮೆ ಭೀಮಾಶಂಕರದಲ್ಲಿ. ಸಹ್ಯಾದ್ರಿಯಲ್ಲಿ ಮಳೆ ಹುಯ್ದರೆ ಕೆಲವು ದಿನಗಳ ಮೇಲೆ ಪ್ರವಾಹ ಇಲ್ಲಿಗೆ ಬರುತ್ತದೆ. ಆ ಹೊತ್ತಿಗೆ ಸುರಪುರದ ಆಕಾಶದಲ್ಲಿ ಒಂದು ಮೋಡವೂ ಇರದಿರಬಹುದು; ರೈತ ಮಳೆಯಿಲ್ಲವೆಂದು ಮುಗಿಲು ನೋಡುತ್ತಿರುವಾಗಲೇ ಹೊಳೆ ದಂಡೆ ಮೀರುತ್ತಿರಬಹುದು. ರೋಹಿಣಿ, ಮೃಗಶಿರ, ಆರಿದ್ರಾ ಎಂದು ನಕ್ಷತ್ರ ಹಿಡಿದು ಎಣಿಸುವ ಲೆಕ್ಕ ಬಿತ್ತನೆಗೆ ನೆರವಾದೀತು. ಅಂಬಿಗನಿಗೆ ಅದೊಂದೇ ಸಾಲದು. ಅವನು ಓದಬೇಕಾದದ್ದು ತಲೆಯ ಮೇಲಿನ ಆಕಾಶವನ್ನಲ್ಲ, ಕಾಲ ಬಳಿಯ ನೀರನ್ನು.

ತಿಳಿಯಾಗಿದ್ದ ನೀರು ಕೆಂಪಗಾದರೆ ಅದು ಮೇಲಿನಿಂದ ಬಂದ ಹೊಸ ನೀರು. ನೊರೆ, ಕಸಕಡ್ಡಿ, ಬುಡಸಹಿತ ಕಿತ್ತ ಗಿಡಗಳು ತೇಲಿಬಂದರೆ ಹೊಳೆ ಏರುತ್ತಿದೆಯೆಂದು ಅರ್ಥ. ನಿನ್ನೆ ಕಾಣುತ್ತಿದ್ದ ಬಂಡೆ ಇಂದು ಮುಳುಗಿತೆ, ಸುಳಿ ಎಲ್ಲಿಗೆ ಸರಿಯಿತು ಎಂಬುದನ್ನು ನೋಡದೆ ಹರಿಗೋಲನ್ನು ಬಿಡುವಂತಿಲ್ಲ. ಬುಟ್ಟಿಯಂತೆ ದುಂಡಗೆ ಹೆಣೆದ ಹರಿಗೋಲಿಗೆ ಮುಂಭಾಗವೂ ಇಲ್ಲ, ಹಿಂಭಾಗವೂ ಇಲ್ಲ. ಎದುರುಗಾಳಿ ಬೀಸಿದರೆ ತಿರುಗುತ್ತ ನಿಲ್ಲುತ್ತದೆ. ಆದುದರಿಂದಲೇ ಸೆಳವಿನ ಬಲವನ್ನು ಅಂದಾಜು ಮಾಡಿ, ಮುಟ್ಟಬೇಕಾದ ಕಡವಿಗಿಂತ ಸಾಕಷ್ಟು ಮೇಲಿನಿಂದಲೇ ಹೊರಡಬೇಕು. ತೊಗಲು ಹೊದಿಸಿದ ಈ ದುಂಡು ದೋಣಿಗಳು ಹದಿನೈದು ಇಪ್ಪತ್ತು ಜನರನ್ನು ಹೊತ್ತು ಸಾಗುವುದನ್ನು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ 1520ರ ಸುಮಾರಿಗೆ ತುಂಗಭದ್ರೆಯಲ್ಲಿ ಕಂಡು ವರ್ಣಿಸಿದ್ದಾನೆ.

ಹೊಳೆಯನ್ನು ಓದದೆ ಹೋದವನಿಗೆ ಏನಾಗುವುದೆಂಬುದಕ್ಕೂ ಅದೇ 1520 ಸಾಕ್ಷಿ. ರಾಯಚೂರು ಕೋಟೆಗಾಗಿ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನಿಗೂ ಯುದ್ಧ ನಡೆಯಿತಷ್ಟೆ. ಸಾಕಷ್ಟು ತೆಪ್ಪಗಳು ಸಿದ್ಧವಾಗುವ ಮೊದಲೇ ಸುಲ್ತಾನನು ಮದ್ಯದ ಅಮಲಿನಲ್ಲಿ ಕೃಷ್ಣೆಯನ್ನು ದಾಟಲು ಅಪ್ಪಣೆಯಿತ್ತನೆಂದು ಇತಿಹಾಸಕಾರ ಫೆರಿಸ್ತಾ ಬರೆಯುತ್ತಾನೆ. ದಾಟುವುದೇನೋ ಆಯಿತು. ಸೋತು ಹಿಂದಿರುಗುವಾಗ ದಾರಿ ಯಾವುದು? ಬೆನ್ನಟ್ಟಿದ ಸೇನೆಗೆ ಸಿಕ್ಕವರು ಕೆಲವರಾದರೆ, ಹೊಳೆಯ ಪಾಲಾದವರು ಅನೇಕರು. ಆನೆ, ಕುದುರೆ, ಫಿರಂಗಿಗಳ ಲೆಕ್ಕ ಬಲ್ಲ ದೊರೆ ಅಂಬಿಗನ ಲೆಕ್ಕವನ್ನು ಕೇಳಲಿಲ್ಲ.

1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಪೂರ್ಣಗೊಂಡಿತು. ಒಣನೆಲಕ್ಕೆ ನೀರು ಬಂದಿತು, ಬತ್ತ ಬೆಳೆಯಿತು. ಇದು ಸಣ್ಣ ಉಪಕಾರವಲ್ಲ. ಆದರೆ ಹೊಳೆಯ ಭಾಷೆ ಬದಲಾಯಿತು. ಮೊದಲು ನೀರು ಬಣ್ಣ ತೋರಿಸಿ, ನೊರೆ ತೋರಿಸಿ, ಹಂತಹಂತವಾಗಿ ಏರುತ್ತಿತ್ತು. ಈಗ ಅದರ ಏರಿಳಿತವನ್ನು ಬಹುಮಟ್ಟಿಗೆ ನಿರ್ಧರಿಸುವುದು ಗೇಟು. ತಲೆತಲಾಂತರದಿಂದ ಕಲಿತ ಗುರುತುಗಳು ಒಮ್ಮೊಮ್ಮೆ ಹುಸಿಯಾಗತೊಡಗಿದವು. ಕೃಷ್ಣೆಯ ನಡುವಿನ ನೀಲಕಂಠರಾಯನಗಡ್ಡೆಯಂತಹ ಊರು ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗಲೆಲ್ಲ ಹೊರಜಗತ್ತಿನ ಸಂಪರ್ಕ ಕಳೆದುಕೊಳ್ಳುತ್ತಿತ್ತು. 2014ರ ಪ್ರವಾಹದಲ್ಲಿ ಈ ಸೀಮೆಯ ತುಂಬುಗರ್ಭಿಣಿಯೊಬ್ಬಳು ಆಸ್ಪತ್ರೆಯ ಹೆರಿಗೆಗಾಗಿ, ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ಮನೆಯವರ ಕಾವಲಿನಲ್ಲಿ ಕೃಷ್ಣೆಯನ್ನು ಈಜಿ ದಾಟಿದಳು. ಆಕೆಯ ಧೈರ್ಯವನ್ನು ಎಲ್ಲರೂ ಕೊಂಡಾಡಿದರು. ಧೈರ್ಯ ದೊಡ್ಡದು, ನಿಜ. ಆದರೆ ಹೆರಲು ಹೊರಟವಳಿಗೆ ಅಷ್ಟು ಧೈರ್ಯ ಬೇಕಾಗಿ ಬಂದದ್ದು ಹೊಗಳಿಕೆಯ ವಿಷಯವಲ್ಲ.

2019ರ ಆಗಸ್ಟಿನಲ್ಲಿ ನಾರಾಯಣಪುರದಿಂದ 5 ಲಕ್ಷ ಕ್ಯೂಸೆಕ್ಕಿಗೂ ಮೀರಿ ನೀರು ಹರಿಯಿತು. ಇಂದು ಮುನ್ಸೂಚನೆಗೆ ಕೊರತೆಯಿಲ್ಲ. ಹವಾಮಾನ ಇಲಾಖೆ 1875ರಿಂದ ಕೆಲಸ ಮಾಡುತ್ತಿದೆ. ದೇಶದಲ್ಲಿ ಪ್ರವಾಹ ಮುನ್ಸೂಚನೆಯ ಕಾರ್ಯ 1958ರಲ್ಲಿ ದೆಹಲಿಯ ಯಮುನೆಯಲ್ಲಿ ಆರಂಭವಾಯಿತು. ಯಾದಗಿರಿಯಲ್ಲಿ ಭೀಮೆಯ ಮಟ್ಟವನ್ನು ಅಳೆಯುವ ಕೇಂದ್ರವಿದೆ. ಸಹ್ಯಾದ್ರಿಯ ಮಳೆಯನ್ನು ಇಲ್ಲಿ ಕುಳಿತೇ ತಿಳಿಯಬಹುದು. ಅಂಬಿಗನಿಗೆ ಎಂದೂ ದೊರೆಯದಿದ್ದ ಕಣ್ಣು ಅದು.

ಆದರೆ ಕ್ಯೂಸೆಕ್ ಎಂಬ ಅಂಕಿ ದಂಡೆಯ ಕುರುಬನಿಗೆ, ನದಿಯಲ್ಲಿ ಪಂಪು ಇಟ್ಟ ರೈತನಿಗೆ ಏನು ಹೇಳುತ್ತದೆ? ಇಷ್ಟು ನೀರು ಬಿಟ್ಟರೆ ನಮ್ಮೂರ ಗುಡಿಯ ಎಷ್ಟನೆಯ ಮೆಟ್ಟಿಲು ಮುಳುಗುವುದು, ಎಷ್ಟು ಹೊತ್ತಿಗೆ ಮುಳುಗುವುದು ಎಂಬುದೇ ಅವನಿಗೆ ಬೇಕಾದ ಮಾತು. ಅಂಕಿಯನ್ನು ಬಲ್ಲವರು ಎಂಜಿನಿಯರರು. ಮೆಟ್ಟಿಲನ್ನು ಬಲ್ಲವರು ಊರ ಹಿರಿಯರು. ಇವರಿಬ್ಬರನ್ನೂ ಒಂದೆಡೆ ಕೂರಿಸಿ ಊರೂರಿನ ಬಂಡೆಯ ಮೇಲೆ ಗುರುತು ಕೆತ್ತಿಸಿದರೆ, ಅದನ್ನು ಓದಲು ಅಕ್ಷರವೂ ಬೇಕಾಗದು.